ಜೈಸಲ್ಮೇರ್ ಮರುಭೂಮಿಯ ಹಳ್ಳಿ ಗುಡಿಸಲಲ್ಲಿ ಒಂದು ರಾತ್ರಿ: ಫೋನ್ ಮಾಡುವುದರಿಂದ ಹಿಡಿದು ಮರುದಿನ ಹೊರಡುವವರೆಗೆ ಸಮಗ್ರ ಮಾರ್ಗದರ್ಶಿ

ರಾಜಸ್ಥಾನದ ಜೈಸಲ್ಮೇರ್‌ಗೆ ಹೋಗುವ ನಮ್ಮ ಕಡೆಯವರಲ್ಲಿ ಜಾಸ್ತಿ ಜನ ಸಮ್ ಮರಳುದಿಬ್ಬದ ಹತ್ತಿರ ಟೆಂಟ್ ಹಿಡಿಯುತ್ತಾರೆ. ಅಲ್ಲಿ ಸಾಲು ಸಾಲು ಕ್ಯಾಂಪ್‌ಗಳಿವೆ, ಸಂಜೆಯಾದರೆ ಸ್ಪೀಕರ್, ಕುಣಿತ, ಜೀಪುಗಳ ಓಡಾಟ. ಅದು ಬೇಕು ಅನ್ನುವವರಿಗೆ ಸಮ್ ಸರಿಯಾದ ಜಾಗ. ನಾನು ಬರೆಯುತ್ತಿರುವುದು ಹಳ್ಳಿಯೊಳಗೆ, ಯಾರದೋ ಮನೆಯ ಅಂಗಳದಲ್ಲಿ, ಮಣ್ಣಿನ ಕೋಣೆಯಲ್ಲಿ ಮಲಗಿ ಏಳಬೇಕು ಅನ್ನುವವರಿಗೆ. ಅಂಥ ಊರು ಖುರಿ. ಜೈಸಲ್ಮೇರ್‌ನಿಂದ ನೈರುತ್ಯಕ್ಕೆ ಸುಮಾರು 45-50 ಕಿಲೋಮೀಟರ್. ಕೆಲವು ಬೋರ್ಡುಗಳಲ್ಲಿ ಖುಹಡಿ ಅಂತಲೂ ಇರುತ್ತದೆ, ಗೊಂದಲ ಬೇಡ, ಎರಡೂ ಒಂದೇ.

ನಾನು ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಅಮ್ಮನ ಜೊತೆ. ಮೊದಲ ಸಲ ಏನೂ ವಿಚಾರಿಸಿರಲಿಲ್ಲ. ಸ್ಟೇಷನ್ ಹೊರಗೆ ಸಿಕ್ಕ ಒಬ್ಬರ ಮಾತು ನಂಬಿ ಜೀಪು ಹತ್ತಿದೆವು. ದಾರಿಯಲ್ಲಿ ಎರಡು ಅಂಗಡಿ ಹತ್ತಿಸಿ ಇಳಿಸಿ, ಕೊನೆಗೆ ರಾತ್ರಿ ಒಂಬತ್ತಕ್ಕೆ ಒಂದು ಕಡೆ ಬಿಟ್ಟರು. ಲೈಟ್ ಇರಲಿಲ್ಲ, ಬಕೆಟ್‌ನಲ್ಲಿ ಎರಡು ತಂಬಿಗೆಯಷ್ಟು ನೀರು, ಹೊದೆಯಲು ತೆಳ್ಳನೆ ಒಂದು ಕಂಬಳಿ. ಅಮ್ಮನಿಗೆ ಅರವತ್ತು ದಾಟಿದೆ. ಇಡೀ ರಾತ್ರಿ ನಡುಗಿದಳು, ನಾನು ನಿದ್ದೆ ಮಾಡಲಿಲ್ಲ. ಎರಡನೇ ಸಲ ಎಲ್ಲ ಕೇಳಿ, ತಯಾರಾಗಿ ಹೋದೆವು. ಅದೇ ಊರು, ಅದೇ ಚಳಿ, ಆದರೆ ಅಮ್ಮ ಇನ್ನೊಂದು ದಿನ ಇರೋಣ ಅಂದಳು. ಆ ಎರಡು ರಾತ್ರಿಗಳ ನಡುವೆ ನಾನು ಕಲಿತಿದ್ದೆಲ್ಲ ಕೆಳಗಿದೆ.

1. ತಿಂಗಳು ಆರಿಸಿಕೊಳ್ಳಿ, ಆಮೇಲೆ ತಿಥಿ ನೋಡಿ

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಹೋಗಿ. ಮಾರ್ಚ್ ಮೊದಲ ವಾರವೂ ನಡೆಯುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಬೇಡವೇ ಬೇಡ. ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ಲೂ ಅನ್ನುವ ಬಿಸಿಗಾಳಿ ಬೀಸುತ್ತದೆ, ಮರಳುಗಾಳಿ ಎದ್ದರೆ ಬಾಗಿಲು ಹಾಕಿ ಕೂರಬೇಕು. ನಮ್ಮ ರಾಯಚೂರು, ಕಲಬುರಗಿಯ ಬಿಸಿಲು ಕಂಡವರು ಕೂಡ ಇದನ್ನು ಹಗುರಾಗಿ ತಗೋಬಾರದು.

ಡಿಸೆಂಬರ್ ಕೊನೆಯ ವಾರ ಎಲ್ಲೆಡೆ ರಶ್, ರೇಟೂ ಜಾಸ್ತಿ. ಮಾಘ ಹುಣ್ಣಿಮೆ ಸುಮಾರಿಗೆ ಜೈಸಲ್ಮೇರ್‌ನಲ್ಲಿ ಮರು ಮಹೋತ್ಸವ, ಅಂದರೆ ಮರುಭೂಮಿಯ ಹಬ್ಬ, ನಡೆಯುತ್ತದೆ. ಅದನ್ನು ನೋಡುವ ಆಸೆ ಇದ್ದರೆ ಕೋಣೆಯನ್ನು ತುಂಬಾ ಮುಂಚೆ ಹೇಳಿಡಿ. ಇಲ್ಲವಾದರೆ ಆ ದಿನಗಳನ್ನು ಬಿಟ್ಟುಬಿಡಿ.

ತಿಥಿಯ ಮಾತು ಯಾಕೆ ಅಂದರೆ, ಇಲ್ಲಿ ರಾತ್ರಿಯೇ ಮುಖ್ಯ. ನಕ್ಷತ್ರ ನೋಡಬೇಕಿದ್ದರೆ ಅಮಾವಾಸ್ಯೆಯ ಆಚೆ ಈಚೆ ನಾಲ್ಕೈದು ದಿನ. ಬೆಳದಿಂಗಳಲ್ಲಿ ಮರಳ ಮೇಲೆ ನಡೆಯಬೇಕಿದ್ದರೆ ಹುಣ್ಣಿಮೆಯ ಹತ್ತಿರ. ಎರಡೂ ಒಂದೇ ರಾತ್ರಿ ಸಿಗುವುದಿಲ್ಲ, ಆದ್ದರಿಂದ ಟಿಕೆಟ್ ಮಾಡುವ ಮೊದಲು ಗೋಡೆಯ ಕ್ಯಾಲೆಂಡರ್ ಒಮ್ಮೆ ನೋಡಿ.

2. ಕೋಣೆ ಅಂದರೆ ಏನು ಅಂತ ಮೊದಲೇ ತಿಳಿದುಕೊಳ್ಳಿ

ಖುರಿಯಲ್ಲಿ ಸಿಗುವ ಸಾದಾ ಕೋಣೆ ಹೆಚ್ಚಾಗಿ ದುಂಡನೆಯ ಗುಡಿಸಲು. ಅವರು ಝೋಂಪಾ ಅನ್ನುತ್ತಾರೆ. ಮಣ್ಣಿನ ಗೋಡೆ, ಒಳಗೆ ಸಗಣಿ ಸಾರಿಸಿದ ನೆಲ, ಮೇಲೆ ಒಣಹುಲ್ಲಿನ ಮಾಡು. ಗೋಡೆಯ ಮೇಲೆ ಬಿಳಿ ಸುಣ್ಣದ ಚಿತ್ತಾರ. ಒಳಗೆ ಎರಡು ಹಗ್ಗದ ಮಂಚ. ನಮ್ಮ ಉತ್ತರ ಕರ್ನಾಟಕದ ಹೊರಸು ಇದೆಯಲ್ಲ, ಅದೇ. ಒಂದು ಬಲ್ಬು, ಒಂದು ಪ್ಲಗ್ ಪಾಯಿಂಟ್, ಬಟ್ಟೆ ತೂಗುಹಾಕಲು ಗೂಟ. ಅಷ್ಟೇ.

ಕೆಲವು ಮನೆಗಳವರು ಸಿಮೆಂಟ್ ಕೋಣೆ ಕಟ್ಟಿಸಿ, ಒಳಗೇ ಬಾತ್‌ರೂಮ್ ಮಾಡಿಸಿದ್ದಾರೆ. ಮಂಡಿ ನೋವಿರುವವರು, ರಾತ್ರಿ ಎರಡು ಮೂರು ಸಲ ಏಳುವವರು ಜೊತೆಗಿದ್ದರೆ ಅದನ್ನೇ ಕೇಳಿ. ಮಿಕ್ಕವರಿಗೆ ಮಣ್ಣಿನ ಗುಡಿಸಲೇ ಚೆಂದ ಅಂತ ನನ್ನ ಅಭಿಪ್ರಾಯ. ದಪ್ಪ ಮಣ್ಣಿನ ಗೋಡೆ ಹಗಲ ಬಿಸಿಯನ್ನು ನಿಧಾನಕ್ಕೆ ಬಿಡುತ್ತದೆ, ಸಂಜೆ ಒಳಗೆ ಹೋದರೆ ಬೆಚ್ಚಗಿರುತ್ತದೆ. ಸಿಮೆಂಟ್ ಕೋಣೆಯಲ್ಲಿ ಆ ಸುಖ ಇಲ್ಲ.

3. ಫೋನ್ ಮಾಡಿ, ಈ ಪ್ರಶ್ನೆಗಳನ್ನು ಬಿಡದೆ ಕೇಳಿ

ಆ್ಯಪ್‌ನಲ್ಲಿ ಬುಕ್ ಮಾಡಿದರೂ ಒಂದು ಸಲ ಮನೆಯವರ ಜೊತೆ ಮಾತಾಡಿ. ಹಿಂದಿ ಸಾಕು. ಮಾತಿನ ಶುರುವಿಗೆ "ಖಮ್ಮಾ ಘಣಿ" ಅನ್ನಿ, ಅದು ಅಲ್ಲಿನ ನಮಸ್ಕಾರ. ಆ ಕಡೆಯಿಂದ ದನಿ ಮೆತ್ತಗಾಗುವುದು ನಿಮಗೇ ಗೊತ್ತಾಗುತ್ತದೆ.

ಮೊದಲು ಕೇಳಬೇಕಾದ್ದು, ರೇಟ್ ಕೋಣೆಗಾ ತಲೆಗಾ? ತಲೆಗೆ ಇಷ್ಟು, ಊಟ ಸೇರಿ ಅನ್ನುವುದು ಅಲ್ಲಿ ಸಾಮಾನ್ಯ. ಹಾಗಿದ್ದರೆ ರಾತ್ರಿ ಊಟ, ಬೆಳಗಿನ ತಿಂಡಿ, ಚಹಾ ಎಲ್ಲ ಅದರಲ್ಲಿ ಬರುತ್ತದಾ ಅಂತ ಒಂದೊಂದಾಗಿ ಹೆಸರು ಹೇಳಿ ಕೇಳಿ. ಒಂಟೆ ಸವಾರಿ ಬೇರೆಯಾ? ಜೈಸಲ್ಮೇರ್‌ನಿಂದ ಕರೆದುಕೊಂಡು ಬರುವ ಗಾಡಿ ಬೇರೆಯಾ? ಒಟ್ಟು ಮೊತ್ತವನ್ನು ಮೆಸೇಜ್‌ನಲ್ಲಿ ಬರೆದು ಕಳಿಸಲು ಹೇಳಿ. ಇದು ಅಪನಂಬಿಕೆಯ ಮಾತಲ್ಲ, ಅವರಿಗೂ ಅನುಕೂಲ.

ಆಮೇಲೆ ಟಾಯ್ಲೆಟ್ ಎಲ್ಲಿದೆ, ಕೋಣೆಯಿಂದ ಎಷ್ಟು ಹೆಜ್ಜೆ, ಕಮೋಡಾ ಇಂಡಿಯನ್ನಾ ಅಂತ ಕೇಳಿ. ಬಿಸಿನೀರು ಹೇಗೆ ಕೊಡುತ್ತೀರಿ ಅಂತ ಕೇಳಿ. ಸಾಮಾನ್ಯವಾಗಿ ಒಲೆಯ ಮೇಲೆ ಕಾಯಿಸಿ ಬಕೆಟ್‌ನಲ್ಲಿ ಕೊಡುತ್ತಾರೆ. ತಲೆಗೆ ಎಷ್ಟು ರಜಾಯಿ (ಹತ್ತಿ ತುಂಬಿದ ದಪ್ಪ ಹೊದಿಕೆ) ಕೊಡುತ್ತೀರಿ? ಚಳಿಗಾಲದಲ್ಲಿ ಎರಡು ಬೇಕು. ಕರೆಂಟ್ ಹೋದರೆ ಏನು ವ್ಯವಸ್ಥೆ? ಅವತ್ತು ಇನ್ನೆಷ್ಟು ಜನ ಇರುತ್ತಾರೆ, ರಾತ್ರಿ ಸ್ಪೀಕರ್ ಹಾಕುತ್ತೀರಾ? ಶಾಂತಿ ಬೇಕು ಅನ್ನುವವರು ಈ ಕೊನೆಯ ಪ್ರಶ್ನೆಯನ್ನು ನಾಚಿಕೆ ಪಡದೆ ಕೇಳಿ.

ಸಸ್ಯಾಹಾರಿಗಳು ಅದನ್ನು ಫೋನಲ್ಲೇ ಹೇಳಿಬಿಡಿ. ಖುರಿ ಸೋಢಾ ರಜಪೂತರು ಹೆಚ್ಚಿರುವ ಊರು, ಅವರಲ್ಲಿ ಮಾಂಸದ ಅಡುಗೆ ಉಂಟು. ಮೊದಲೇ ಹೇಳಿದರೆ ಪಾತ್ರೆ ಬೇರೆ ಇಟ್ಟು ಮಾಡಿಕೊಡುವ ಮನೆಗಳೂ ಇವೆ.

ಪೂರ್ತಿ ದುಡ್ಡು ಮುಂಗಡ ಕೇಳಿದರೆ ಕೊಡಬೇಡಿ. ಸ್ವಲ್ಪ ಅಡ್ವಾನ್ಸ್, ಉಳಿದದ್ದು ಹೋದ ಮೇಲೆ. ಇನ್ನೊಂದು, ಜೈಸಲ್ಮೇರ್ ಸ್ಟೇಷನ್ನು, ಬಸ್ ಸ್ಟ್ಯಾಂಡಿನಲ್ಲಿ "ಆ ಮನೆ ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ" ಅನ್ನುವವರು ಸಿಗಬಹುದು. ಅಲ್ಲೇ ನಿಂತು ಮನೆಯವರಿಗೆ ಫೋನ್ ಮಾಡಿ.

ಅಮೆರಿಕ, ಇಂಗ್ಲೆಂಡಿನಿಂದ ಬಂದ ನೆಂಟರು ಜೊತೆಗಿದ್ದು ಅವರ ಪಾಸ್‌ಪೋರ್ಟ್ ವಿದೇಶಿಯದಾದರೆ ಅದನ್ನೂ ಹೇಳಿ. ವಿದೇಶಿಯರು ಉಳಿದರೆ ಮನೆಯವರು ಅವರ ವಿವರವನ್ನು ಸರ್ಕಾರಕ್ಕೆ ಕೊಡಬೇಕು. ಇದು ಗಡಿ ಜಿಲ್ಲೆ, ಕೆಲವು ಊರುಗಳಿಗೆ ವಿದೇಶಿಯರು ಅನುಮತಿ ಇಲ್ಲದೆ ಹೋಗುವಂತಿಲ್ಲ. ನಿಮ್ಮ ಸುತ್ತಾಟದ ಪಟ್ಟಿಯನ್ನು ಮನೆಯವರಿಗೆ ಓದಿ ಹೇಳಿ ಖಚಿತ ಮಾಡಿಕೊಳ್ಳಿ. ಭಾರತೀಯರಿಗೆ ಖುರಿಯಲ್ಲಿ ಉಳಿಯಲು ಆಧಾರ್‌ನಂಥ ಒಂದು ಗುರುತಿನ ಚೀಟಿ ಸಾಕು. ಡ್ರೋನ್ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.

4. ಹೋಗುವ ದಾರಿ

ಬೆಂಗಳೂರಿನಿಂದ ಜೋಧ್‌ಪುರಕ್ಕೆ ನೇರ ರೈಲಿದೆ, ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ ಹೋಗುತ್ತದೆ. ದಾರಿಯಲ್ಲಿ ಒಂದೂವರೆ ದಿನದ ಮೇಲೆ ಹಿಡಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಜೋಧ್‌ಪುರದಿಂದ ಜೈಸಲ್ಮೇರ್ ರಸ್ತೆಯಲ್ಲಿ ಸುಮಾರು 285 ಕಿಲೋಮೀಟರ್, ಐದು ತಾಸು. ರೈಲೂ ಇದೆ. ವಿಮಾನದಲ್ಲಿ ಬರುವವರಿಗೆ ಜೋಧ್‌ಪುರ ವರ್ಷವಿಡೀ ನಡೆಯುತ್ತದೆ. ಜೈಸಲ್ಮೇರ್ ವಿಮಾನಗಳು ಚಳಿಗಾಲಕ್ಕೆ ಜಾಸ್ತಿ.

ಜೈಸಲ್ಮೇರ್‌ನಿಂದ ಖುರಿಗೆ ಬಸ್ ಇದೆ, ಆದರೆ ದಿನಕ್ಕೆ ಕೆಲವೇ. ಮನೆಯವರಿಗೆ ಕೇಳಿ ಹೊತ್ತು ತಿಳಿದುಕೊಳ್ಳಿ, ಅಥವಾ ಅವರೇ ಗಾಡಿ ಕಳಿಸಲಿ. ಮಧ್ಯಾಹ್ನ ಮೂರು, ಹೆಚ್ಚೆಂದರೆ ನಾಲ್ಕು ಗಂಟೆಯೊಳಗೆ ಊರು ಮುಟ್ಟಬೇಕು. ಈ ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿಯಿರಿ. ಡಿಸೆಂಬರ್‌ನಲ್ಲಿ ಆರು ಗಂಟೆಗೆ ಮುಂಚೆಯೇ ಹೊತ್ತು ಮುಳುಗುತ್ತದೆ. ಕತ್ತಲಲ್ಲಿ ಬಂದರೆ ಕೋಣೆ ನೋಡಲಾಗದು, ಟಾಯ್ಲೆಟ್ ದಾರಿ ಗೊತ್ತಾಗದು, ಸರಿಯಿಲ್ಲ ಅಂತ ಬೇರೆ ಕಡೆ ಹೋಗಲೂ ಆಗದು. ನಮ್ಮ ಮೊದಲ ರಾತ್ರಿ ಕೆಟ್ಟಿದ್ದು ಮುಖ್ಯವಾಗಿ ಇದರಿಂದಲೇ.

ಜೈಸಲ್ಮೇರ್ ಬಿಡುವ ಮುಂಚೆ ಎಟಿಎಂನಿಂದ ನಗದು ತೆಗೆದುಕೊಳ್ಳಿ. ಯುಪಿಐ ಇದೆ ಅನ್ನುತ್ತಾರೆ, ಇದ್ದರೂ ಸಿಗ್ನಲ್ ಕೈಕೊಟ್ಟರೆ ಕಷ್ಟ. ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಮನೆಯಲ್ಲಿರುವವರಿಗೆ "ನಾಳೆ ಮಧ್ಯಾಹ್ನದವರೆಗೆ ಫೋನ್ ಸಿಗದಿದ್ದರೆ ಗಾಬರಿಯಾಗಬೇಡಿ" ಅಂತ ಹೇಳಿಬಿಡಿ.

5. ಚೀಲದಲ್ಲಿ ಏನಿರಬೇಕು

ಹಗಲಿಗೆ ತೆಳು ಹತ್ತಿ ಬಟ್ಟೆ, ತುಂಬು ತೋಳಿನದು. ರಾತ್ರಿಗೆ ಸ್ವೆಟರ್, ಅದರೊಳಗೆ ಥರ್ಮಲ್, ಮಂಕಿ ಕ್ಯಾಪ್, ಉಣ್ಣೆಯ ಕಾಲುಚೀಲ. ಜನವರಿ ರಾತ್ರಿ ಐದು ಡಿಗ್ರಿ ಹತ್ತಿರ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಹಗಲು ಇಪ್ಪತ್ತನಾಲ್ಕು ಇದ್ದ ಕಡೆ ಹಾಗಾಗುತ್ತದೆ ಅಂತ ನಂಬಲು ಕಷ್ಟ, ಆದರೆ ಗಾಳಿಯಲ್ಲಿ ತೇವ ಇಲ್ಲ, ಮೋಡ ಇಲ್ಲ, ಮರಳು ಹಗಲು ಹಿಡಿದ ಬಿಸಿಯನ್ನು ಹೊತ್ತು ಮುಳುಗಿದ ಕೂಡಲೇ ಬಿಟ್ಟುಕೊಡುತ್ತದೆ.

ನಿಮ್ಮದೇ ಒಂದು ಬೆಡ್‌ಶೀಟು, ದಿಂಬಿನ ಕವರು ಇರಲಿ. ರಜಾಯಿಯನ್ನು ದಿನಾ ಒಗೆಯಲು ಅಲ್ಲಿ ನೀರಿಲ್ಲ, ಬಿಸಿಲಿಗೆ ಹಾಕುತ್ತಾರೆ. ನಿಮ್ಮ ಶೀಟನ್ನು ಒಳಗೆ ಹಾಕಿಕೊಂಡು ಮೇಲೆ ರಜಾಯಿ ಹೊದ್ದರೆ ಇಬ್ಬರಿಗೂ ನೆಮ್ಮದಿ. ತಲೆಗೆ ಕಟ್ಟುವ ಟಾರ್ಚ್, ಪವರ್ ಬ್ಯಾಂಕ್, ಬೆರಳು ಮುಚ್ಚುವ ಶೂ. ಒಣಗಾಳಿಗೆ ತುಟಿ ಒಡೆಯುತ್ತದೆ, ಒಂದು ಸಣ್ಣ ಡಬ್ಬಿ ಕೊಬ್ಬರಿ ಎಣ್ಣೆ ಸಾಕು. ಲೆನ್ಸ್ ಹಾಕುವವರು ಕನ್ನಡಕ ತನ್ನಿ, ಮರಳಿನ ಧೂಳು ಕಣ್ಣಿಗೆ ಬೀಳುತ್ತದೆ. ಓಆರ್‌ಎಸ್ ಪುಡಿ ಎರಡು, ನಿಮ್ಮ ಮಾತ್ರೆಗಳು. ಹತ್ತಿರದಲ್ಲಿ ದೊಡ್ಡ ಮೆಡಿಕಲ್ ಶಾಪ್ ಇಲ್ಲ.

ಮತ್ತೆ ನೀರು. ಅದಕ್ಕೆ ಬೇರೆಯೇ ಬರೆಯುತ್ತೇನೆ.

6. ನೀರು

ಉಳಿದ ಎಲ್ಲ ಹೆಜ್ಜೆಗಳಲ್ಲಿ ತಪ್ಪಿದರೂ ಇದರಲ್ಲಿ ತಪ್ಪಬೇಡಿ. ಜೈಸಲ್ಮೇರ್ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್‌ಗೂ ಕಡಿಮೆ. ನಮ್ಮ ಆಗುಂಬೆಯಲ್ಲಿ ಮಳೆಗಾಲದ ಒಂದು ಜೋರು ದಿನಕ್ಕೆ ಅಷ್ಟು ಸುರಿಯುತ್ತದೆ. ಇಲ್ಲಿಯ ಜನ ತಲೆತಲಾಂತರದಿಂದ ಮಳೆನೀರನ್ನು ಟಾಂಕಾ ಅನ್ನುವ ನೆಲದೊಳಗಿನ ತೊಟ್ಟಿಯಲ್ಲಿ ಹಿಡಿದಿಡುತ್ತಾ ಬಂದಿದ್ದಾರೆ. ಬೇರಿ ಅನ್ನುವ ಕಿರಿದಾದ ಬಾವಿಗಳೂ ಇವೆ. ಮರಳಿನ ಕೆಳಗೆ ಕೆಲವು ಕಡೆ ಜಿಪ್ಸಮ್ ಪದರ ಇರುತ್ತದೆ. ಇಂಗಿದ ಮಳೆನೀರು ಅದನ್ನು ದಾಟಿ ಕೆಳಗಿನ ಉಪ್ಪುನೀರಿಗೆ ಸೇರದೆ ಅಲ್ಲೇ ನಿಲ್ಲುತ್ತದೆ, ಆ ನೀರು ಬೇರಿಗೆ ಹನಿ ಹನಿಯಾಗಿ ಒಸರುತ್ತದೆ. ಈಗ ಜಿಲ್ಲೆಗೆ ಇಂದಿರಾ ಗಾಂಧಿ ಕಾಲುವೆಯ ನೀರು ಬಂದಿದೆ, ಪೈಪು, ಟ್ಯಾಂಕರ್ ಇದೆ. ಆದರೂ ದೂರದ ಹಳ್ಳಿಯ ಮನೆಯಲ್ಲಿ ಪ್ರತಿ ಕೊಡಕ್ಕೂ ಲೆಕ್ಕ ಇದೆ.

ಎರಡನೇ ಸಲ ಹೋದಾಗ ನಾನು ಅಂಗಳದಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಊಟ ಮುಗಿದಿತ್ತು. ಮನೆಯ ಸೊಸೆ ತಟ್ಟೆಗಳನ್ನೆಲ್ಲ ಒಂದು ಮೂಲೆಗೆ ತಂದರು. ಅಲ್ಲಿ ಜರಡಿ ಹಿಡಿದ ನುಣುಪು ಮರಳಿನ ಗುಡ್ಡೆ ಇತ್ತು. ತಟ್ಟೆಗೆ ಒಂದು ಹಿಡಿ ಮರಳು ಹಾಕಿ, ಅಂಗೈಯಿಂದ ಗಸಗಸ ಉಜ್ಜಿದರು. ತುಪ್ಪದ ಜಿಡ್ಡೆಲ್ಲ ಮರಳಿಗೆ ಅಂಟಿತು. ಮರಳು ಕೊಡವಿ, ಹೊಸ ಹಿಡಿ ಹಾಕಿ ಮತ್ತೊಮ್ಮೆ ಉಜ್ಜಿ, ಒಣಬಟ್ಟೆಯಿಂದ ಒರೆಸಿದರು. ತಟ್ಟೆಯಲ್ಲಿ ಬಲ್ಬಿನ ಬೆಳಕು ಹೊಳೆಯಿತು. ಎಂಟು ತಟ್ಟೆ, ಆರು ಬಟ್ಟಲು, ಒಂದು ತೊಟ್ಟು ನೀರು ಬಳಸಲಿಲ್ಲ. ಅಮ್ಮ ನನ್ನ ಕಡೆ ತಿರುಗಿ "ನಾವು ಸಂಜೆ ಇಬ್ಬರೂ ಸೇರಿ ಒಂದು ಬಕೆಟ್ ನೀರು ಸುರಕೊಂಡ್ವಿ" ಅಂದಳು. ಮರುದಿನ ನಾವಿಬ್ಬರೂ ಸ್ನಾನ ಮಾಡಲಿಲ್ಲ, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡೆವು.

ಹಾಗಾಗಿ ಹೀಗೆ ಮಾಡಿ. ಕುಡಿಯುವ ನೀರು ತಲೆಗೆ ನಾಲ್ಕು ಲೀಟರ್ ಜೈಸಲ್ಮೇರ್‌ನಿಂದಲೇ ತನ್ನಿ. ಸಣ್ಣ ಬಾಟಲಿಗಳ ಬದಲು ದೊಡ್ಡ ಕ್ಯಾನ್ ತನ್ನಿ, ಖಾಲಿಯಾದ ಮೇಲೆ ಮನೆಯವರಿಗೆ ಬೇಕಾ ಅಂತ ಕೇಳಿ, ಬೇಡವಾದರೆ ವಾಪಸ್ ಒಯ್ಯಿರಿ. ತಲೆಸ್ನಾನವನ್ನು ಜೈಸಲ್ಮೇರ್‌ನಲ್ಲೇ ಮುಗಿಸಿಕೊಂಡು ಬನ್ನಿ. ಒಂದು ರಾತ್ರಿಯ ಮಟ್ಟಿಗೆ ಕೈಕಾಲು ಮುಖ ಸಾಕು. ಸ್ನಾನ ಬೇಕೇ ಬೇಕು ಅಂದರೆ ಅರ್ಧ ಬಕೆಟ್ ಕೇಳಿ, ಮಗ್ಗಿನ ಬದಲು ಸಣ್ಣ ಲೋಟದಿಂದ ಸುರಿದುಕೊಳ್ಳಿ. ಬಟ್ಟೆ ಒಗೆಯುವುದು ಬೇಡ. ಫ್ಲಶ್ ಇದ್ದರೂ ಮಗ್ಗಿನಿಂದ ಹಾಕಿ. ಮಣ್ಣಿನ ಮಡಕೆಗೆ ಎಂಜಲು ಲೋಟ ಅದ್ದಬೇಡಿ, ಪಕ್ಕದಲ್ಲಿ ಉದ್ದ ಹಿಡಿಯ ಸೌಟು ಇರುತ್ತದೆ, ಅದರಿಂದ ತೆಗೆದುಕೊಳ್ಳಿ.

7. ಮನೆಗೆ ಕಾಲಿಟ್ಟಾಗ

ಚಪ್ಪಲಿ ಅಂಗಳದ ಹೊರಗೆ. ಸಗಣಿ ಸಾರಿಸಿದ ನೆಲದ ಮೇಲೆ ಶೂ ಹಾಕಿ ನಡೆದರೆ ಎದ್ದು ಬರುತ್ತದೆ, ಅದನ್ನು ಮತ್ತೆ ಸಾರಿಸಬೇಕಾದವರು ಆ ಮನೆಯ ಹೆಂಗಸರು. ದೊಡ್ಡವರನ್ನು ಕಂಡು ಕೈಮುಗಿಯಿರಿ. ಹೆಸರಿನ ಅಥವಾ ಸಂಬಂಧದ ಕೊನೆಗೆ "ಸಾ" ಸೇರಿಸುವುದು ಅಲ್ಲಿ ಮರ್ಯಾದೆ. ಕಾಕಾಸಾ, ಭಾಭೀಸಾ ಅಂತ. ನಾವು ಕಾಕಾರಿ, ವೈನಿಯವರೇ ಅನ್ನುವ ಹಾಗೆ. ನಿಮ್ಮನ್ನು "ಹುಕುಂ" ಅಂತ ಕರೆದರೆ ಮುಜುಗರ ಬೇಡ, ಅದು ಅವರ ಮಾತಿನ ರೀತಿ.

ಹೆಂಗಸರು ಘೂಂಘಟ್, ಅಂದರೆ ಮುಖ ಮುಚ್ಚುವ ಸೆರಗು, ಹಾಕಿರುತ್ತಾರೆ. ಗಂಡಸರು ಕರೆಯದೆ ಒಳ ಅಂಗಳಕ್ಕೆ ಹೋಗಬಾರದು. ಜೊತೆಗೆ ಹೆಂಗಸರಿದ್ದರೆ ಅವರಿಗೆ ಒಳಗಿನಿಂದ ಕರೆ ಬರುತ್ತದೆ. ಫೋಟೋ ಕೇಳಿಯೇ ತೆಗೆಯಿರಿ, ಬೇಡ ಅಂದರೆ ಎರಡನೇ ಸಲ ಕೇಳಬೇಡಿ. ಮಕ್ಕಳಿಗೆ ಚಾಕಲೇಟು, ದುಡ್ಡು ಹಂಚುವುದು ಬೇಡ. ಏನಾದರೂ ಕೊಡುವ ಮನಸ್ಸಿದ್ದರೆ ಊರಿನಿಂದ ಒಂದು ಪೊಟ್ಟಣ ಮೈಸೂರ್ ಪಾಕೋ, ಧಾರವಾಡ ಪೇಢಾನೋ ತಂದು ಮನೆಯ ಹಿರಿಯರ ಕೈಗೆ ಕೊಡಿ.

8. ಬೆಳಕಿರುವಾಗಲೇ ಕೋಣೆ ನೋಡಿಕೊಳ್ಳಿ

ಹತ್ತು ನಿಮಿಷದ ಕೆಲಸ. ಹೊರಸಿನ ಮೇಲೆ ಕೂತು ನೋಡಿ. ಹಗ್ಗ ಜೋತಿದ್ದರೆ ಬೆಳಗ್ಗೆ ಬೆನ್ನು ಹಿಡಿಯುತ್ತದೆ, ಕಾಲುಕಡೆಯ ಹಗ್ಗ ಎಳೆದು ಬಿಗಿ ಮಾಡಿಕೊಡಿ ಅಂತ ಹೇಳಿ, ಎರಡು ನಿಮಿಷದಲ್ಲಿ ಮಾಡುತ್ತಾರೆ. ಹಾಸಿಗೆ ಎತ್ತಿ ಕೆಳಗೆ ನೋಡಿ, ರಜಾಯಿ ಹೊರಗೆ ತಂದು ಕೊಡವಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದುಕೊಳ್ಳಿ. ಚೀಲ ನೆಲದ ಮೇಲೆ ಬಿಡದೆ ಗೂಟಕ್ಕೆ ಹಾಕಿ, ಜಿಪ್ ಮುಚ್ಚಿ. ಬಾಗಿಲಿನ ಚಿಲಕ ಒಳಗಿನಿಂದ ಕೂರುತ್ತದಾ ನೋಡಿ. ಕೊನೆಗೆ ಕೋಣೆಯಿಂದ ಟಾಯ್ಲೆಟ್‌ಗೆ ಒಮ್ಮೆ ನಡೆದು ಬನ್ನಿ. ದಾರಿಯಲ್ಲಿ ಹಗ್ಗ, ಕಲ್ಲು, ಕಟ್ಟಿದ ದನ ಎಲ್ಲಿವೆ ಅಂತ ಗೊತ್ತಿರಲಿ.

ಹೊದಿಕೆಗಳ ನಡುವೆ ಒಂದು ರಾಲಿ ಇದ್ದೀತು, ಗಮನಿಸಿ. ಹಳೆ ಸೀರೆ, ಬಟ್ಟೆಯ ತುಂಡುಗಳನ್ನು ಜೋಡಿಸಿ ಕೈಯಲ್ಲಿ ಹೊಲಿದ ಹೊದಿಕೆ. ನಮ್ಮ ಕೌದಿಯೇ ಸೈ. ಅಮ್ಮ ಅದರ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಕೂತಿದ್ದನ್ನು ನೋಡಿ ಮನೆಯ ಅಜ್ಜಿ ಪಕ್ಕ ಬಂದು ಕೂತರು. ಒಬ್ಬರಿಗೆ ಹಿಂದಿ ಬರಲ್ಲ, ಇನ್ನೊಬ್ಬರಿಗೆ ಕನ್ನಡ ಬಿಟ್ಟರೆ ಏನೂ ಬರಲ್ಲ. ಅರ್ಧ ತಾಸು ಇಬ್ಬರೂ ಹೊಲಿಗೆ ತೋರಿಸಿಕೊಂಡು ಮಾತಾಡಿದರು.

9. ಸಂಜೆ, ಮರಳ ಮೇಲೆ

ಊರಿನ ಅಂಚಿನಿಂದಲೇ ಮರಳುದಿಬ್ಬ ಶುರು. ನಡೆದೇ ಹೋಗಬಹುದು. ಒಂಟೆ ಬೇಕು ಅಂದರೆ ಒಂದು ವಿಷಯ ನೆನಪಿಡಿ, ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ನೀವು ಮುಂದಕ್ಕೆ ಬೀಳುವ ಹಾಗಾಗುತ್ತದೆ. ಕೂರುವಾಗ ಮುಂಗಾಲು ಮಡಚುತ್ತದೆ, ಆಗಲೂ ಮುಂದಕ್ಕೇ. ಎರಡು ಸಲವೂ ಹಿಂದಕ್ಕೆ ವಾಲಿ, ಎದುರಿನ ಹಿಡಿಯನ್ನು ಎರಡು ಕೈಯಲ್ಲಿ ಹಿಡಿಯಿರಿ. ಒಂಟೆಯ ಮೂಗಿನಲ್ಲಿ ಗಾಯ, ಬೆನ್ನ ಮೇಲೆ ಹುಣ್ಣು ಕಂಡರೆ ಹತ್ತಬೇಡಿ.

ಜೀಪಿನಲ್ಲಿ ದಿಬ್ಬದ ಮೇಲೆ ಎಗರಾಡುವುದು ಬೇಡ ಅಂತ ನನ್ನ ಕಳಕಳಿಯ ವಿನಂತಿ. ಖುರಿ ಇರುವುದು ಮರುಭೂಮಿ ರಾಷ್ಟ್ರೀಯ ಉದ್ಯಾನದ ಭಾಗದಲ್ಲಿ, ಅದರ ವಿಸ್ತಾರ 3,162 ಚದರ ಕಿಲೋಮೀಟರ್. ಗೋಡಾವಣ್ ಹಕ್ಕಿಗೆ ಉಳಿದಿರುವ ಮುಖ್ಯ ನೆಲೆ ಇದೇ. ನಾವು ಎರೆಭೂತ ಅನ್ನುವ ಹಕ್ಕಿ ಅದು. ನಮ್ಮ ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಈಗ ಬೆರಳೆಣಿಕೆಯಷ್ಟು ಇವೆ. ಇಡೀ ದೇಶದ ಬಯಲಿನಲ್ಲಿ ಉಳಿದಿರುವುದೇ ಸುಮಾರು ನೂರೈವತ್ತು. ನೆಲದ ಮೇಲೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು, ಗಾಡಿ ಹೋದಲ್ಲಿ ಬದುಕಲಾರದು.

10. ಊಟ

ಸಜ್ಜೆ ರೊಟ್ಟಿ. ಅಲ್ಲಿ ಬಾಜ್ರೆ ಕಾ ಸೋಗ್ರಾ, ದಪ್ಪ, ಒಲೆಯಿಂದ ಇಳಿಸಿದ ಕೂಡಲೇ ಮಧ್ಯೆ ಒತ್ತಿ ತುಪ್ಪ ಹಾಕುತ್ತಾರೆ. ಬೆಳ್ಳುಳ್ಳಿ, ಕೆಂಪು ಮೆಣಸಿನ ಚಟ್ನಿ, ಕಢಿ, ಗಟ್ಟೆ (ಕಡಲೆಹಿಟ್ಟಿನ ತುಂಡು) ಪಲ್ಯ, ಮಜ್ಜಿಗೆ. ಖಾರ ಇರುತ್ತದೆ, ಮಕ್ಕಳಿದ್ದರೆ ಮೊದಲೇ ಹೇಳಿ.

ಕೇರ್ ಸಾಂಗ್ರಿ ಪಲ್ಯ ಮಾಡಿಕೊಡಿ ಅಂತ ಮಧ್ಯಾಹ್ನವೇ ಕೇಳಿಡಿ, ಒಣಗಿಸಿದ್ದನ್ನು ನೆನೆಹಾಕಬೇಕು. ಕೇರ್ ಅಂದರೆ ಮರುಭೂಮಿಯ ಪೊದೆಯೊಂದರ ಸಣ್ಣ ಕಾಯಿ, ಸಾಂಗ್ರಿ ಅಂದರೆ ಖೇಜ್ರಿ ಮರದ ಕಾಯಿ. ಖೇಜ್ರಿ ಯಾವುದು ಗೊತ್ತಾ? ನಾವು ದಸರೆಯಲ್ಲಿ ಎಲೆ ಹಂಚಿ "ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ" ಅನ್ನುತ್ತೇವಲ್ಲ, ಆ ಬನ್ನಿ ಮರ. ಅಲ್ಲಿ ಅದು ರಾಜ್ಯದ ಮರ. ಜೋಧ್‌ಪುರದ ಹತ್ತಿರದ ಖೇಜಡ್ಲಿಯಲ್ಲಿ 1730ರಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಮತ್ತು ಬಿಷ್ಣೋಯಿ ಪಂಥದ 362 ಜನ ಮರ ತಬ್ಬಿ ನಿಂತು ಪ್ರಾಣ ಕೊಟ್ಟರು. ಬನ್ನಿಯ ಎಲೆಯನ್ನು ಕೈಯಲ್ಲಿ ಹಿಡಿದೇ ಬೆಳೆದ ಅಮ್ಮ ಅದರ ಕಾಯಿಯನ್ನು ತಟ್ಟೆಯಲ್ಲಿ ಕಂಡದ್ದು ಅದೇ ಮೊದಲು. ತಿನ್ನುವ ಮುಂಚೆ ಕಣ್ಣಿಗೆ ಒತ್ತಿಕೊಂಡಳು.

ತಟ್ಟೆಯಲ್ಲಿ ಬಿಡಬೇಡಿ. ಬಡಿಸುವಾಗಲೇ ಸಾಕು ಅನ್ನಿ. ಅವರು ಒತ್ತಾಯ ಮಾಡುತ್ತಾರೆ, ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಾರೆ.

11. ರಾತ್ರಿ ಮಲಗುವಾಗ

ನಕ್ಷತ್ರದ ಕೆಳಗೆ ಮಲಗುವ ಆಸೆ ಎಲ್ಲರಿಗೂ ಇರುತ್ತದೆ. ಹೊರಸನ್ನು ಅಂಗಳಕ್ಕೆ ಹಾಕಿಸಿ, ಹತ್ತು ಗಂಟೆವರೆಗೆ ಹೊರಗೆ ಇರಿ, ಆಮೇಲೆ ಒಳಗೆ ಹೋಗಿ. ನಡುರಾತ್ರಿಯ ನಂತರ ಚಳಿ ಏರುತ್ತದೆ, ಬೆಳಗಿನ ಜಾವ ಅತಿ ಜಾಸ್ತಿ. ಇಡೀ ರಾತ್ರಿ ಹೊರಗೇ ಅಂದರೆ ಎರಡು ರಜಾಯಿ ಮೇಲೆ, ಒಂದು ಕೆಳಗೆ. ಹೊರಸಿನ ಹಗ್ಗದ ಸಂದಿಯಿಂದ ಗಾಳಿ ಬರುತ್ತದೆ, ಚಳಿ ಹತ್ತುವುದು ಕೆಳಗಿನಿಂದ. ನಮ್ಮ ಮೊದಲ ರಾತ್ರಿ ಇದು ನನಗೆ ತಿಳಿದಿರಲಿಲ್ಲ, ಇದ್ದ ಬಟ್ಟೆಯನ್ನೆಲ್ಲ ಅಮ್ಮನ ಮೇಲೆ ಹೊದಿಸುತ್ತಲೇ ಇದ್ದೆ.

ಬಹಳ ಮುಖ್ಯವಾದ ಮಾತು: ಬಾಗಿಲು ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ. ಯಾರು ಎಷ್ಟೇ ಪ್ರೀತಿಯಿಂದ ತಂದಿಟ್ಟರೂ ಹೊರಗೆ ಇಡಿಸಿ. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಬೆಚ್ಚಗಾಗಬೇಕಿದ್ದರೆ ಬಾಟಲಿಗೆ ಬಿಸಿನೀರು ತುಂಬಿಸಿ ಬಟ್ಟೆ ಸುತ್ತಿ ಕಾಲ ಹತ್ತಿರ ಇಟ್ಟುಕೊಳ್ಳಿ, ಬೆಳಗ್ಗೆ ಅದೇ ನೀರಲ್ಲಿ ಮುಖ ತೊಳೆಯಿರಿ. ಗುಡಿಸಲು ಹುಲ್ಲಿನದು, ಒಳಗೆ ಮೇಣದಬತ್ತಿ, ಸೊಳ್ಳೆಬತ್ತಿ, ಬೀಡಿ ಸಿಗರೇಟು ಯಾವುದೂ ಬೇಡ.

ರಾತ್ರಿ ಎದ್ದರೆ ಮೊದಲು ಟಾರ್ಚ್, ಆಮೇಲೆ ಶೂ ಕೊಡವಿ ನೋಡಿ, ಆಮೇಲೆ ಕಾಲಿಡಿ. ಚೇಳು ಇರುವ ನಾಡು. ಗರಗಸ ಮಂಡಲದ ಹಾವೂ ಇದೆ, ಚಳಿಗಾಲದಲ್ಲಿ ಅದರ ಓಡಾಟ ಕಡಿಮೆ, ಬಿಸಿಲು, ಮಳೆಯ ತಿಂಗಳಲ್ಲಿ ಜಾಸ್ತಿ. ಅಕಸ್ಮಾತ್ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಮಾಡಬೇಡಿ. ಆ ಕೈ ಅಥವಾ ಕಾಲನ್ನು ಅಲುಗಾಡಿಸದೆ ಇಟ್ಟು, ಉಂಗುರ, ಕಾಲುಂಗುರ ತೆಗೆದು, 108ಕ್ಕೆ ಫೋನ್ ಮಾಡಿ. ಗಾಡಿ ಸಿಕ್ಕರೆ ಕಾಯದೆ ಜೈಸಲ್ಮೇರ್ ಜಿಲ್ಲಾ ಆಸ್ಪತ್ರೆಗೆ ಹೊರಡಿ, ಒಂದು ತಾಸಿನ ದಾರಿ. ಊರಲ್ಲಿ ರಾತ್ರಿ ಯಾರ ಹತ್ತಿರ ಗಾಡಿ ಇರುತ್ತದೆ ಅಂತ ಮಲಗುವ ಮುಂಚೆಯೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

12. ಬೆಳಗ್ಗೆ

ಬೆಂಗಳೂರಿಗಿಂತ ಇಲ್ಲಿ ಬೆಳಗಾಗುವುದು ತಡ. ಜನವರಿಯಲ್ಲಿ ಸೂರ್ಯ ಮೂಡುವಾಗ ಏಳೂವರೆ ಹತ್ತಿರವಾಗಿರುತ್ತದೆ. ಏಳಕ್ಕೆ ಎದ್ದು ದಿಬ್ಬದ ಕಡೆ ಹೋಗಿ. ರಾತ್ರಿಯ ಗಾಳಿಗೆ ಮರಳು ಹೊಸದಾಗಿ ಅಲೆ ಹಾಕಿಕೊಂಡಿರುತ್ತದೆ, ಅದರ ಮೇಲೆ ಜೀರುಂಡೆ, ಇಲಿ, ನರಿಯ ಹೆಜ್ಜೆ. ನೀವು ತುಳಿಯುವ ಮುಂಚೆ ಒಂದು ನಿಮಿಷ ಬಗ್ಗಿ ನೋಡಿ. ಎಂಟೂವರೆಗೆಲ್ಲ ಗಾಳಿ ಅದನ್ನು ಅಳಿಸಲು ಶುರು ಮಾಡುತ್ತದೆ.

ತಿಂಡಿ ಆದ ಮೇಲೆ ಲೆಕ್ಕ ಚುಕ್ತಾ ಮಾಡಿ. ಫೋನಲ್ಲಿ ಒಪ್ಪಿದ ದುಡ್ಡಿನಲ್ಲಿ ಚೌಕಾಸಿ ಬೇಡ. ಹೆಚ್ಚಿಗೆ ಕೊಡುವುದಿದ್ದರೆ ಅಡುಗೆ ಮಾಡಿದವರಿಗೆ ಅಂತ ಹೇಳಿ ಬೇರೆ ಕೊಡಿ. ರಜಾಯಿ ಮಡಚಿಡಿ. ಪ್ಲಾಸ್ಟಿಕ್, ಪ್ಯಾಡ್, ಡೈಪರ್ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ ಜೈಸಲ್ಮೇರ್‌ಗೆ ಒಯ್ಯಿರಿ. ಹಳ್ಳಿಯಲ್ಲಿ ಕಸದ ಗಾಡಿ ಬರುತ್ತದೆ ಅಂತ ನಂಬಬೇಡಿ. ಬಿಟ್ಟು ಹೋದ ಪ್ಲಾಸ್ಟಿಕ್ ಗಾಳಿಗೆ ಹಾರಿ ದನ, ಮೇಕೆಯ ಹೊಟ್ಟೆ ಸೇರುತ್ತದೆ.

ಹೊರಡುವಾಗ ಮನೆಯಲ್ಲಿ ಒಣಗಿಸಿದ ಕೇರ್, ಸಾಂಗ್ರಿ ಇದ್ದರೆ ಕಾಲು ಕಿಲೋ ಕೊಂಡುಕೊಳ್ಳಿ. ಮಾಡುವ ವಿಧಾನ ಅಜ್ಜಿ ಅಮ್ಮನಿಗೆ ಕೈಸನ್ನೆಯಲ್ಲೇ ಹೇಳಿಕೊಟ್ಟರು, ನಾನು ಪಕ್ಕದಲ್ಲಿ ಬರೆದುಕೊಂಡೆ. ಎರಡನ್ನೂ ಎರಡು ಮೂರು ಸಲ ತೊಳೆದು ಮರಳು ಹೋಗಿಸಿ. ಬೇರೆ ಬೇರೆ ಪಾತ್ರೆಯಲ್ಲಿ ರಾತ್ರಿಯಿಡೀ ನೆನೆಹಾಕಿ, ಕೇರ್ ಕಾಯಿಗೆ ನೀರಿನ ಬದಲು ಮಜ್ಜಿಗೆ ಹಾಕಿದರೆ ಕಹಿ ಬಿಡುತ್ತದೆ. ಬೆಳಗ್ಗೆ ಬಸಿದು, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿ. ಎಣ್ಣೆಯಲ್ಲಿ ಜೀರಿಗೆ, ಇಂಗು, ಒಣಮೆಣಸಿನಕಾಯಿ, ಅರಿಶಿನ, ಧನಿಯಾ ಪುಡಿ, ಆಮ್‌ಚೂರ್ ಹಾಕಿ ಬಾಡಿಸಿ. ಅಮ್ಮ ಆಮ್‌ಚೂರ್ ಬದಲು ಹುಣಸೆಹುಳಿ ಹಾಕುತ್ತಾಳೆ, ಸಜ್ಜೆ ರೊಟ್ಟಿಯ ಜೊತೆ ಮೂರು ದಿನ ಕೆಡದೆ ಇರುತ್ತದೆ.